ಸೊಪ್ಪು ಹೊದಿಸುವ ಹೊತ್ತು

ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ಊಟಿಯ ಸಭಾಂಗಣವೊಂದರಲ್ಲಿ ನಮ್ಮನ್ನೆಲ್ಲ ಕೂರಿಸಿದ್ದರು. ಅಕ್ಕಪಕ್ಕದ ದೇಶಗಳ ಚಹಾ ಬೆಳೆಗಾರರು ಒಂದಾಗಿ ಹವಾಮಾನದ ಬದಲಾವಣೆಯನ್ನು ಎದುರಿಸಬೇಕು ಎಂಬುದು ಸಭೆಯ ಉದ್ದೇಶ. ಮಾತಾಡಿದವರೆಲ್ಲ ಕೋಟಿನವರು. ಬೆಳೆಗಾರರಾದ ನಮಗೆ ಚಪ್ಪಾಳೆ ತಟ್ಟುವ ಕೆಲಸ.

ನನ್ನ ಕಣ್ಣು ಕಿಟಕಿಯ ಮೇಲಿತ್ತು. ಒಂದು ಚೂರು ಮೋಡವಿಲ್ಲ, ಗಾಳಿಯೂ ಇಲ್ಲ. ಅಂಥ ದಿನ ಕಳೆದ ರಾತ್ರಿ ಹಿಮ ಬೀಳುವುದು ಖಂಡಿತ. ಮೊದಲೆಲ್ಲ ಹಿಮ ಹೇಳಿದ ಹೊತ್ತಿಗೆ ಬರುತ್ತಿತ್ತು, ಈಚೆಗೆ ಅದಕ್ಕೆ ಹೊತ್ತುಗೊತ್ತಿಲ್ಲ. ಊಟಿ ಹತ್ತಿರದ ಸೋಲೂರಿನಲ್ಲಿ, ನಮ್ಮ ತೋಟದ ತಗ್ಗಿನಲ್ಲಿ ಹಿಂದಿನ ಮಳೆಗಾಲ ನೆಟ್ಟ ಚಹಾ ಸಸಿಗಳಿದ್ದವು. ಸಂಜೆಯೊಳಗೆ ಜರೀಗಿಡದ ಸೊಪ್ಪು ಹೊದಿಸದಿದ್ದರೆ ಅವುಗಳ ಕಥೆ ಮುಗಿದ ಹಾಗೆ.

ಊಟವಾದ ಮೇಲೆ ಎದ್ದು ಹೊರಟೆ. ಸಂಘಟಕರು ಬಾಗಿಲಲ್ಲೇ ತಡೆದರು.

"ಸ್ವಲ್ಪ ಇರಮ್ಮ. ಠರಾವು ಓದಿ ಗ್ರೂಪ್ ಫೋಟೋ ತೆಗೀತೀವಿ. ಇಲ್ಲಿಯ ರೈತ ಹೆಂಗಸೇ ಇಲ್ದಿದ್ರೆ ಹೇಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಆ ಫೋಟೋನ ತಗೊಂಡೋಗಿ ನನ್ ಸಸಿಗೆ ಹೊದಿಸ್ಲಾ ಸಾರ್?" ಅಂದೆ. ಜೋರಾಗಿಯೇ ಅಂದೆ.

ಪಕ್ಕದಲ್ಲಿದ್ದವಳು ಶ್ರೀಲಂಕಾದ ಬೆಟ್ಟದ ಸೀಮೆಯಿಂದ ಬಂದಿದ್ದ ಸಣ್ಣ ಬೆಳೆಗಾರ್ತಿ, ತಮಿಳಿನವಳು. ಏನಾಯಿತೆಂದು ಕೇಳಿದಳು, ನನಗೆ ಬರುವ ತಮಿಳಿನಲ್ಲೇ ಹೇಳಿದೆ. "ಪನಿಯಾ? ವಾಂಗ, ಪೋಲಾಂ", ಹಿಮವಾ, ಬನ್ನಿ ಹೋಗೋಣ, ಎಂದು ಚೀಲ ಹೆಗಲಿಗೇರಿಸಿದಳು. ನೇಪಾಳದ ಬೆಳೆಗಾರನೊಬ್ಬನೂ ಎದ್ದ. ಅವನಿಗೆ ನಮ್ಮ ಮಾತು ತಿಳಿಯದಿದ್ದರೂ ಜಗಳ ತಿಳಿದಿತ್ತು. ಮೂವರೂ ಸೋಲೂರಿನ ಬಸ್ಸು ಹತ್ತಿದೆವು.

ತೋಟ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ನಾನು ಯಾವಾಗಿನಂತೆ ಸಸಿಯನ್ನು ಪೂರ್ತಿ ಮುಚ್ಚತೊಡಗಿದೆ. ಲಂಕೆಯವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಹೆಪ್ಪುಗಟ್ಟಿದ ಎಲೆಗೆ ಬೆಳಗಿನ ಮೊದಲ ಬಿಸಿಲು ತಾಗಿದರೇ ಕೇಡು, ಸಸಿಯ ಮೂಡಣ ದಿಕ್ಕಿಗೆ ಸೊಪ್ಪನ್ನು ಒತ್ತಾಗಿ ನೆಲಕ್ಕೆ ಚುಚ್ಚಿದರೆ ಸಾಕು, ಸೊಪ್ಪೂ ಮಿಗುತ್ತದೆ ಎಂದಳು. ನೇಪಾಳದವನು ಕತ್ತಿ ಹಿಡಿದು ಸೊಪ್ಪು ಸವರಿ ತಂದು ಹಾಕಿದ. ಅವಳ ಊರಲ್ಲಿ ಮಳೆ ಕೈಕೊಡುತ್ತಿತ್ತಂತೆ. ಅವನು ಆಲಿಕಲ್ಲಿನ ಗಾತ್ರವನ್ನು ಬೆರಳಲ್ಲೇ ತೋರಿಸಿದ. ಅಷ್ಟು ದೂರದಿಂದ ಕರೆಸಿ, ಸಭೆಯಲ್ಲಿ ಇದನ್ನು ಅವರಿಗೆ ಒಬ್ಬರೂ ಕೇಳಿರಲಿಲ್ಲ.

ಒಂದು ಸಾಲು ಬಾಕಿಯಿರುವಾಗ ಸಂಘಟಕರ ಜೀಪು ಬಂತು.

"ಫಾರಿನ್ ಅತಿಥಿಗಳನ್ನ ಕೂಲಿಗೆ ಹಚ್ಚಿದ್ದೀರಲ್ಲಮ್ಮ!"

"ಒಂದೇ ಸಾಲು ಸಾರ್. ನೀವೂ ಕೈ ಹಾಕಿದ್ರೆ ಆಗೋಗುತ್ತೆ."

ಅವರು ಸಾಲಿನ ಕಡೆ ನೋಡಲೂ ಇಲ್ಲ. ಇಬ್ಬರನ್ನೂ ಅವಸರಿಸಿ ಹತ್ತಿಸಿಕೊಂಡರು. ಲಂಕೆಯವಳು ಜೀಪಿನಿಂದ ಇಣುಕಿ, ತಿರುವಿನಲ್ಲಿ ಮರೆಯಾಗುವವರೆಗೂ ಮೂಡಣಕ್ಕೆ ಕೈ ತೋರಿಸುತ್ತಲೇ ಇದ್ದಳು. ಅಷ್ಟರಲ್ಲಿ ಕತ್ತಲಾಯಿತು. ಉಳಿದ ಸಾಲಿಗೆ ಸೊಪ್ಪು ಸವರಿ ಚುಚ್ಚುವುದು ನನ್ನೊಬ್ಬಳಿಂದ ಆಗಲಿಲ್ಲ.

ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಿತ್ತು. ಸೊಪ್ಪು ಚುಚ್ಚಿದ ಸಸಿಗಳು ಉಳಿದವು. ಆ ಒಂದು ಸಾಲು ಬಿಸಿಲೇರುವಷ್ಟರಲ್ಲಿ ಕಪ್ಪಾಯಿತು. ಕಿತ್ತು ಬೇರೆ ನೆಡು ಎಂದು ಮನೆಯವರು ಹೇಳಿದರು, ನಾನು ಕೀಳಲಿಲ್ಲ. ಆಮೇಲೆ ಹವಾಮಾನದ ವಿಷಯ ಮಾತಾಡಲು ಎಷ್ಟೇ ದೊಡ್ಡವರು ಬರಲಿ, ಒಳಗೆ ಕರೆಯುವ ಮೊದಲು ಆ ಸಾಲಿನ ಮುಂದೆ ನಿಲ್ಲಿಸಿ, ಈಗ ಮಾತಾಡಿ ಎನ್ನುತ್ತಿದ್ದೆ.