ಎಂಟು ಹಸಿ ಮೊಟ್ಟೆ

ಅಥವಾ ಆರು ಇದ್ದಿರಬಹುದು. ಎಂಟು ಎಂದು ಡಾಕ್ಟರ ಮುಂದೆ ಹೇಳಿದ್ದು ನಾನೇ, ಅದರಲ್ಲಿ ಅನುಮಾನವಿಲ್ಲ. ಕನಕಪುರದ ಆ ಕ್ಲಿನಿಕ್ಕಿನ ಹಸಿರು ಬೆಂಚು, ಮೂಲೆಯಲ್ಲಿದ್ದ ತೂಕದ ಯಂತ್ರ, ನನ್ನ ಬಾಯಿಂದ ಹೊರಟ ಆ ಸಂಖ್ಯೆ ಎಲ್ಲವೂ ನೆನಪಿದೆ. ಆದರೆ ಬೆಂಚಿನ ಬಣ್ಣ ಇಷ್ಟು ಖಚಿತವಾಗಿ ನೆನಪಿರುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಬೇಡದ್ದನ್ನು ಇಷ್ಟು ಜತನದಿಂದ ಇಟ್ಟುಕೊಂಡ ತಲೆ ಬೇಕಾದ ಒಂದು ಅಂಕಿಯನ್ನು ಏಕೆ ಕಳೆದುಕೊಂಡಿತು? ನನ್ನ ಜೊತೆ ಕೋಣೆಯಲ್ಲಿದ್ದವನು ದಿನಕ್ಕೆ ಎಷ್ಟು ಹಸಿ ಮೊಟ್ಟೆಯ ಬಿಳಿ ಕುಡಿಯುತ್ತಿದ್ದ? ಮೂರಾದರೆ ಒಂದು ಕತೆ, ಎಂಟಾದರೆ ಇನ್ನೊಂದು.

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಆಗ ರಾಗಿ ಹೊಲಗಳ ನಡುವೆ ಒಂದೊಂದೇ ಶೆಡ್ಡು ಏಳುತ್ತಿತ್ತು. ನಾವಿದ್ದ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಸಿಂಪಡಿಸಿ, ಕೋಣೆಯಷ್ಟು ದೊಡ್ಡ ಒಲೆಯೊಳಗೆ ತಳ್ಳಿ ಬೇಯಿಸುತ್ತಿದ್ದರು. ನಾನು ಸ್ಟೋರಿನಲ್ಲಿ ಸಾಮಾನು ಬರೆದುಕೊಳ್ಳುವವನು. ಅವನು ಕಬ್ಬಿಣದ ತುಂಡುಗಳನ್ನು ಕೊಕ್ಕೆಗೆ ನೇತುಹಾಕುವವನು. ನನ್ನದು ಕುದೂರು, ಅವನದು ಗುಡೇಮಾರನಹಳ್ಳಿ. ಇಬ್ಬರೂ ಮಾಗಡಿ ಕಡೆಯವರೆಂಬ ಒಂದೇ ಕಾರಣಕ್ಕೆ ಒಟ್ಟಿಗೆ ಕೋಣೆ ಹಿಡಿದೆವು.

ಕೋಣೆ ಸಿಕ್ಕಿದ್ದು ನನ್ನ ಹಣೆಯ ವಿಭೂತಿಯಿಂದ. ಮನೆಯ ಯಜಮಾನಿ ನಮ್ಮ ಪೈಕಿಯವರೇ, ಐವತ್ತು ದಾಟಿದ ಹೆಂಗಸು. ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ಅವ್ನು ಯಾರೋ ನಂಗೊತ್ತಿಲ್ಲ, ನಿನ್ನ ಮುಖ ನೋಡಿ ಕೊಡ್ತಿದೀನಿ ಕಣಪ್ಪ. ಈ ಮನೇಲಿ ಮೊಟ್ಟೆ ಮಾಂಸ ಬೇಯ್ಸಂಗಿಲ್ಲ. ಕುದೂರಲ್ಲಿ ನಮ್ಮ ನೆಂಟ್ರು ಅವ್ರೆ, ನಿಮ್ಮಪ್ಪನ ಅಂಗ್ಡಿ ಗೊತ್ತು ಅವ್ರಿಗೆ."

ಕೊನೆಯ ಮಾತನ್ನು ಅವರು ಸುಮ್ಮನೆ ಹೇಳಿದ್ದಿರಬಹುದು. ನನಗದು ಬೆದರಿಕೆಯಾಗಿಯೇ ಕೇಳಿಸಿತು.

ಅವನು ಸಣಕಲ. ಕಂಟ್ರಾಕ್ಟರು ಅವನ ತೋಳು ಹಿಡಿದು ನೋಡಿ, "ಒಸಿ ಮೈ ಹತ್ತುಸ್ಕೊ. ಆರು ತಿಂಗ್ಳು ನೆಟ್ಟಗೆ ಎತ್ತಿದ್ರೆ ಕಂಪನಿ ರೋಲಿಗೆ ಹಾಕ್ಸುಮ, ಇಲ್ದಿದ್ರೆ ಊರ್ ದಾರಿ ಹಿಡಿ" ಎಂದಿದ್ದರು. ಅವನಿಗೆ ರೋಲು, ಅಂದರೆ ಕಂಪನಿಯ ಕಾಯಂ ಕೆಲಸ, ಬೇಕಿತ್ತು. ಮನೆಯಲ್ಲಿ ಮೂವರು ಅಣ್ಣಂದಿರು ಹೊಲ ನೋಡಿಕೊಳ್ಳುತ್ತಿದ್ದರು. ತಾನು ಹೊಲದಲ್ಲಿ ನಾಲ್ಕನೆಯವನಾಗಿ ನಿಲ್ಲುವುದಿಲ್ಲವೆಂದು ಹೇಳಿ ಬಂದವನು ಅವನು.

"ಊರಲ್ಲಾದ್ರೆ ನಮ್ಮವ್ವ ದಿನಾ ಎಲ್ಡು ಮೊಟ್ಟೆ ಬೇಯ್ಸಿ ಮಡಗೋಳು" ಎಂದ ಒಂದು ಬೆಳಿಗ್ಗೆ, ಸೀಮೆಎಣ್ಣೆ ಸ್ಟೌವ್ ಕಡೆ ನೋಡುತ್ತಾ.

ನಾನು ಹೇಳಿದೆ: "ಬೇಯ್ಸಿದ್ರೆ ಸತ್ವ ಹೊಂಟೋಯ್ತದೆ ಕಣ್ಲಾ. ಹಸೀದೆ ಕುಡೀಬೇಕು."

"ನೀನು ಯಾವತ್ಲಾ ಮೊಟ್ಟೆ ತಿಂದಿದ್ದೆ? ಕತ್ತಿಗೆ ಲಿಂಗ ಕಟ್ಕಂಡು ಮೊಟ್ಟೆ ಪಾಠ ಯೋಳ್ತೀಯ." ಆಮೇಲೆ ತಾನೇ ನಕ್ಕ. "ಸರಿ ಬುಡು. ಕಬ್ಬಿಣ ಬೇಯಿಸ್ಬೋದು, ಮೊಟ್ಟೆ ಬೇಯಿಸಂಗಿಲ್ಲ. ಆದ್ರೆ ಆಯಮ್ಮ ಬೇಯಿಸ್ಬ್ಯಾಡಿ ಅಂದವ್ರೆ, ಕುಡೀಬ್ಯಾಡಿ ಅಂದಿಲ್ವಲ್ಲ."

ಹೀಗೆ ಶುರುವಾಯಿತು. ಹೀಗೆಯೇ ಎಂದು ಈಗ ಅನಿಸುತ್ತದೆ.

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಸ್ಟೀಲ್ ಲೋಟ ತೆಗೆಯುತ್ತಿದ್ದ. ಮೊಟ್ಟೆ ಒಡೆದು, ಹಳದಿಯನ್ನು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಹೊರಳಿಸಿ ಬಿಳಿಯನ್ನಷ್ಟೇ ಲೋಟಕ್ಕೆ ಇಳಿಸುವುದು. ಹಳದಿ ಹೀಟು, ಇಡೀ ದಿನ ಒಲೆ ಮುಂದೆ ನಿಲ್ಲುವವನಿಗೆ ಆಗದು ಎಂದು ಅವನ ನಂಬಿಕೆ. ಹಳದಿಯನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತಿದ್ದ. ಚಿಪ್ಪುಗಳನ್ನು ಅಂಗೈಯಲ್ಲಿ ಪುಡಿ ಮಾಡಿ ಪೇಪರಿನಲ್ಲಿ ಕಟ್ಟಿ ನನಗೆ ಕೊಡುತ್ತಿದ್ದ. ನಾನು ಊಟದ ಚೀಲದಲ್ಲಿಟ್ಟುಕೊಂಡು ಹೋಗಿ ಶೆಡ್ಡಿನ ಹಿಂದೆ ಎಸೆಯುತ್ತಿದ್ದೆ. ಲೆಕ್ಕ ನನಗೆ ಗೊತ್ತಿರಬೇಕಾದದ್ದು ಇದರಿಂದಲೇ. ಆದರೆ ಪುಡಿಯಾದ ಚಿಪ್ಪಿನಲ್ಲಿ ಮೂರು ಯಾವುದು, ಎಂಟು ಯಾವುದು? ನಾನು ಪೊಟ್ಟಣ ಬಿಚ್ಚಿ ನೋಡಿದವನಲ್ಲ.

ನಾನೂ ಒಮ್ಮೆ ಕುಡಿದೆ, ತಕ್ಷಣ ವಾಂತಿ ಮಾಡಿದೆ ಎಂದು ಬಹಳ ವರ್ಷ ಗೆಳೆಯರಿಗೆ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೆಂದು ಈಗ ಹೇಳಲಾರೆ. ಲೋಟ ಮೂಗಿನ ಹತ್ತಿರ ಬಂದದ್ದು ನಿಜ.

ಕರಿಬೇವು ಸೊಂಪಾಗಿ ಚಿಗುರಿತು. ಯಜಮಾನಿ ಅದರ ಎಲೆ ಕಿತ್ತು ಸೋಮವಾರದ ಸಾರಿಗೆ ಹಾಕಿ ನಮಗೂ ಒಂದು ಪಾತ್ರೆ ಕೊಡುವರು. "ನೀವು ಬಂದ ಘಳಿಗೆ ಚೆನ್ನಾಗೈತೆ ಕಣಪ್ಪ, ಗಿಡಕ್ಕೂ ಗೊತ್ತಾಯ್ತದೆ" ಎನ್ನುವರು. ಅವನು ಗಂಭೀರವಾಗಿ "ಹೂಂ ಅಮ್ಮಾವ್ರೆ" ಎನ್ನುತ್ತಿದ್ದ. ನಾನು ನನ್ನ ಪಾಲಿನ ಸಾರನ್ನೂ ಅವನ ತಟ್ಟೆಗೇ ಬಗ್ಗಿಸುತ್ತಿದ್ದೆ.

ನಾಲ್ಕು ತಿಂಗಳೋ ಐದೋ ಕಳೆದ ಮೇಲೆ ಅವನ ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರತೊಡಗಿತು. ಹುಬ್ಬು ತೆಳ್ಳಗಾಯಿತು. ಮೂಗಿನ ಪಕ್ಕ, ತುಟಿಯ ಸುತ್ತ ಕೆಂಪಗೆ ಎದ್ದು ಹೊಟ್ಟು ಉದುರಿತು. ಮಾತು ಕಡಿಮೆಯಾಯಿತು. "ಬೆಟ್ಟು ಜುಮ್ ಅಂತಾವೆ ಕಣ್ಲಾ, ಕೊಕ್ಕೆ ಹಿಡಿದದ್ದೇ ಗೊತ್ತಾಗಕಿಲ್ಲ" ಎಂದು ಕೈ ಕೊಡವಿಕೊಳ್ಳುವನು. ಶೆಡ್ಡಿನಲ್ಲಿ ಹಾರುವ ಬಣ್ಣದ ಪುಡಿಗೆಂದು ಅವನು ಬಾಯಿಗೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದ, ಸಂಜೆಯ ಹೊತ್ತಿಗೆ ಅದಕ್ಕೂ ಪುಡಿ ಮೆತ್ತಿರುತ್ತಿತ್ತು. ಕೆಂಪು ಎದ್ದದ್ದು ಸರಿಯಾಗಿ ಆ ಕರ್ಚೀಫು ಮುಚ್ಚುವ ಜಾಗದಲ್ಲಿ. ಅವನ ಪಕ್ಕ ನಿಲ್ಲುತ್ತಿದ್ದ ತಮಿಳು ಮಾತಾಡುವ ಹಿರಿಯನೊಬ್ಬನ ಮಣಿಕಟ್ಟುಗಳೂ ಕೆಂಪಾಗಿದ್ದವು. ಆತ ಹಸಿ ಮೊಟ್ಟೆ ಕುಡಿಯುತ್ತಿರಲಿಲ್ಲ, ನನಗೆ ತಿಳಿದ ಮಟ್ಟಿಗೆ.

ಒಂದು ದಿನ ಅವನ ಕೈಯಿಂದ ಕೊಕ್ಕೆ ಜಾರಿ ಕಬ್ಬಿಣದ ಚೌಕಟ್ಟು ಕಾಲ ಪಕ್ಕಕ್ಕೆ ಬಿತ್ತು. ಹೆಬ್ಬೆರಳಿಗೂ ಅದಕ್ಕೂ ಒಂದು ಗೇಣು ಇರಲಿಲ್ಲ. ವಾರದ ರಜೆಯ ದಿನ ಕನಕಪುರದ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಅವನು ಕಿಟಕಿ ಕಡೆ ತಿರುಗಿಕೊಂಡೇ ಹೇಳಿದ: "ಶೆಡ್ಡಿನ ಸುದ್ದಿ ಎತ್ಬ್ಯಾಡ. ಪುಡಿ ಗಿಡಿ ಅಂದ್ರೆ ಡಾಕ್ಟ್ರು ಚೀಟೀಲಿ ಬರೆದ್ಬುಡ್ತಾರೆ. ಕಂಟ್ರಾಕ್ಟ್ರು ಅದನ್ನ ಓದುದ್ರೆ ನನ್ ಕತೆ ಮುಗೀತು. ಬ್ಯಾರೆ ಏನಾರ ಯೋಳು."

"ಏನು ಯೋಳನ?"

"ಓದಿದೋನು ನೀನು. ನನ್ನ ಕೇಳ್ತೀಯಲ್ಲ."

ಡಾಕ್ಟರು ವಯಸ್ಸಾದವರು, ನಿಧಾನದವರು. ತಲೆ ನೋಡಿದರು, ತುಟಿ ನೋಡಿದರು, ಬೆರಳು ಒತ್ತಿದರು. ಏನು ತಿನ್ನುತ್ತೀಯ ಎಂದು ಕೇಳಿದರು. ಅವನು ಮುದ್ದೆ, ಸಾರು, ಅನ್ನ ಎಂದ. ನಾನು ಮೊಟ್ಟೆ ಎಂದೆ. ಹಸೀದು ಎಂದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಹಳದೀನೂ ಸೇರಿಸಿನಾ?"

"ಇಲ್ಲ ಸಾರ್, ಬಿಳೀದು ಮಾತ್ರ. ಹಳದಿ ಕರಿಬೇವಿಗೆ ಹಾಕ್ತಾನೆ."

"ಗಿಡಾನೇ ಪುಣ್ಯ ಮಾಡಿತ್ತು" ಎಂದರು ಅವರು, ನಗದೆ. ಆಮೇಲೆ ಬಿಡಿಸಿ ಹೇಳಿದರು. ಹಸಿ ಬಿಳಿಯಲ್ಲಿರುವ ಒಂದು ವಸ್ತು ಬಯೋಟಿನ್ ಎಂಬ ಜೀವಸತ್ವವನ್ನು ಹೊಟ್ಟೆಯಲ್ಲೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಬೇಯಿಸಿದರೆ ಆ ಹಿಡಿತ ಹೋಗುತ್ತದೆ. ಹಳದಿಯಲ್ಲಿ ಬಯೋಟಿನ್ ಇರುತ್ತದೆ, ಇವನು ಅದನ್ನೂ ಚೆಲ್ಲಿದ್ದಾನೆ. "ಆದ್ರೆ ಇದು ತೀರ ಅಪರೂಪ ಕಣಯ್ಯ. ದಿನಕ್ಕೆ ಒಂದೆರಡು ಕುಡಿದೋರಿಗೆ ಬರೋದಲ್ಲ. ರಾಶಿ ಕುಡೀಬೇಕು, ತಿಂಗಳುಗಟ್ಟಲೆ. ಎಷ್ಟು ಕುಡೀತಿದ್ದೆ?"

ಅವನು ನನ್ನ ಮುಖ ನೋಡಿದ.

"ಎಂಟು ಸಾರ್" ಎಂದೆ ನಾನು.

ಅವನು ತನ್ನ ಕಾಲು ನೋಡಿಕೊಂಡ. ಡಾಕ್ಟರು ಕೆಲಸ ಏನು ಎಂದು ಕೇಳಿದರು. ಸ್ಟೋರಿನಲ್ಲಿ ಬರೆಯೋ ಕೆಲಸ, ಇಬ್ಬರಿಗೂ, ಎಂದೆ. ಈ ವಾಕ್ಯವನ್ನು ನಾನು ಹೇಳಲಿಲ್ಲವೆಂದು ನೆನಪಿಸಿಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ. ಹೇಳಿದ್ದೆ.

ಪರೀಕ್ಷೆ ಮಾಡಿಸಲು ಬೆಂಗಳೂರಿಗೇ ಹೋಗಬೇಕು, ಅದಕ್ಕಿಂತ ಹಸಿ ಮೊಟ್ಟೆ ಬಿಟ್ಟು, ಮಾತ್ರೆ ತಿಂದು, ಒಂದು ತಿಂಗಳು ಊರಲ್ಲಿರು, ನೋಡೋಣ ಎಂದು ಡಾಕ್ಟರು ಚೀಟಿ ಬರೆದರು. ಕಂಟ್ರಾಕ್ಟರು ಚೀಟಿ ಓದಿಸಿಕೊಂಡು, "ಮೊಟ್ಟೆ ಕುಡ್ದು ಬೋಳಾಗವ್ನೆ ನೋಡ್ರಪ್ಪ" ಎಂದು ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿದರು. ಆ ತಮಿಳು ಮಾತಾಡುವವನೂ ನಕ್ಕ, ತೋಳಿನ ಬಟ್ಟೆಯನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು. ಅಲ್ಲಿಂದ ಮುಂದೆ ಶೆಡ್ಡಿನಲ್ಲಿ ಯಾರೂ ಪುಡಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವನು ಊರಲ್ಲಿ ತಿಂಗಳು ಕಳೆದು ಬಂದಾಗ ಅವನ ಕೊಕ್ಕೆಯ ಮುಂದೆ ಬೇರೊಬ್ಬ ನಿಂತಿದ್ದ. ಪೆಟ್ಟಿಗೆ ತೆಗೆದುಕೊಂಡು ಊರಿಗೆ ಹೊರಟ. ತುಟಿಯ ಕೆಂಪು ಆಗಲೇ ಇಳಿದಿತ್ತು. ನನಗೆ ಸಮಾಧಾನವಾಯಿತು, ಹಸೀದು ಕುಡಿ ಎಂದ ತಪ್ಪು ನನ್ನದೇ ಎಂದು ಖಾತ್ರಿಯಾದರೂ. ಮೊಟ್ಟೆಯೇ ಸರಿ, ಬಿಟ್ಟ, ವಾಸಿಯಾಯಿತು.

ಆಮೇಲೆ ನೋಡಿದರೆ ಕರಿಬೇವು ಮೊದಲಿನಷ್ಟೇ ಸೊಂಪಾಗಿ ಚಿಗುರುತ್ತಿತ್ತು. ಬುಡಕ್ಕೆ ಯಾರೂ ಏನೂ ಹಾಕದೆ ಎರಡು ತಿಂಗಳು, ಮೂರು ತಿಂಗಳು. ಗಿಡದ ಚಿಗುರಿಗೆ ಮೊಟ್ಟೆ ಕಾರಣವಲ್ಲವಾದರೆ? ಅವನು ಮೊಟ್ಟೆ ಬಿಟ್ಟದ್ದೂ, ಮಾತ್ರೆ ತಿಂದದ್ದೂ, ಶೆಡ್ಡಿನಿಂದ ದೂರ ಹೋದದ್ದೂ ಒಂದೇ ದಿನದಿಂದ. ಇವುಗಳಲ್ಲಿ ವಾಸಿ ಮಾಡಿದ್ದು ಯಾವುದು?

ಕೆಲವು ವರ್ಷಗಳ ಮೇಲೆ ಕುದೂರಿನ ಬಸ್ ಸ್ಟಾಂಡಿನಲ್ಲಿ ಸಿಕ್ಕ. ತಲೆ ತುಂಬ ಕೂದಲು, ಕಾಲ ಬಳಿ ರಾಮನಗರದ ಮಾರುಕಟ್ಟೆಗೆ ಹೊರಟ ರೇಷ್ಮೆಗೂಡಿನ ಮೂಟೆ. ಹೊಲದಲ್ಲಿ ನಾಲ್ಕನೆಯವನಾಗಿಯೇ ನಿಂತಿದ್ದ.

"ಈಗ ಬೇಯ್ಸಿಯೇ ತಿನ್ನೋದು ಕಣ್ಲಾ" ಎಂದ. ಆಮೇಲೆ, "ಅವತ್ತು ಎಂಟು ಅಂತ ಯಾಕ್ಲಾ ಅಂದೆ? ನಾನು ಕುಡೀತಿದ್ದದ್ದು ಮೂರು."

"ಮೂರಾ?"

"ಮೂರೋ ನಾಕೋ. ಎಂಟು ಕುಡಿಯಾಕೆ ನಾನೇನು ಹಾವಾ? ನನ್ನ ಕೆಲ್ಸ ಉಳಿಸಾಕೆ ಅಂತಿದೀಯ ಅಂದ್ಕಂಡು ಸುಮ್ಕಿದ್ದೆ."

ಅವನ ಬಸ್ಸು ಬಂತು. ಮೂಟೆ ಮೇಲೆತ್ತಲು ಕೈ ಕೊಟ್ಟೆ. ಅವನ ಹಿಡಿತ ಗಟ್ಟಿಯಾಗಿತ್ತು.

ಮೂರೋ ನಾಲ್ಕೋ ಆಗಿದ್ದರೆ ಅದು ಬಯೋಟಿನ್ ಕೊರತೆ ಇರಲಾರದು ಎಂದು ಆಮೇಲೆ ಓದಿದಷ್ಟರಲ್ಲಿ ತಿಳಿದುಕೊಂಡಿದ್ದೇನೆ. ಎಂಟಾಗಿದ್ದರೆ ಇರಬಹುದು. ಅವನ ನೆನಪೂ ನನ್ನದರಷ್ಟೇ ಹಳೆಯದು. ಬೇಯಿಸಿದರೆ ಸತ್ವ ಹೋಗುತ್ತದೆ ಎಂದು ನಾನು ಅವತ್ತು ನಂಬಿ ಹೇಳಿದೆನೋ, ಕೋಣೆ ಕೈತಪ್ಪೀತೆಂದು ಹೇಳಿದೆನೋ, ಗೊತ್ತಿಲ್ಲ. ಕಾಯಿಲೆ ಲೋಟದಿಂದ ಬಂತೋ ಪುಡಿಯಿಂದ ಬಂತೋ, ಗೊತ್ತಿಲ್ಲ. ಆ ಹಿರಿಯನ ಮಣಿಕಟ್ಟು ಏನಾಯಿತೆಂಬುದೂ ಗೊತ್ತಿಲ್ಲ. ಇನ್ನೂ ಒಂದು ವರ್ಷ ಅದೇ ಶೆಡ್ಡಿನಲ್ಲಿ ಇದ್ದೆ. ನಾನು ಕೇಳಲಿಲ್ಲ.