ಕೆಂಪು ಕ್ಲಿಪ್ಪಿನ ದಿನ
ಮಹಡಿಯ ಬಾಡಿಗೆದಾರನಿಗೆ ತನ್ನನ್ನು ಬಿಟ್ಟರೆ ಲೋಕವೇ ಇಲ್ಲ ಎಂಬುದು ಕೆಳಗಿನ ಮನೆಯಲ್ಲಿದ್ದ ಮಾಲಕಿ, ನಿವೃತ್ತ ಗಣಿತದ ಮೇಡಂ, ಎಂದೋ ಕೊಟ್ಟಿದ್ದ ತೀರ್ಪು. ಹೋದ ವರ್ಷ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳದೆ ಮಲಗಿದ್ದವನಿಗೆ, ದಿನವೂ ಮನಸ್ಸಿನ ಹದ ನೋಡಿಕೊಂಡು ಒಂದು ಗುರುತು ಹಾಕು ಎಂದು ಡಾಕ್ಟರು ಹೇಳಿದ್ದರು. ಅವನು ಆ ಗುರುತನ್ನು ಬಟ್ಟೆ ಒಣಗಿಸುವ ಹಗ್ಗಕ್ಕೇ ಹಾಕಿದ: ಗೆಲುವಾಗಿದ್ದರೆ ಹಳದಿ ಕ್ಲಿಪ್ಪು, ಹೇಗೋ ಇದ್ದರೆ ನೀಲಿ, ಏಳಲೇ ಮನಸ್ಸಿಲ್ಲದಿದ್ದರೆ ಕೆಂಪು. ಕ್ಲಿಪ್ಪುಗಳೆಲ್ಲ ಮನಸ್ಸಿಗೇ ಮೀಸಲಾದ್ದರಿಂದ ಅವನ ಬನಿಯನ್ನುಗಳು ಗಾಳಿಗೆ ಹಾರಿ ಮೇಡಂ ಅವರ ಗುಲಾಬಿ ಗಿಡಗಳ ಮೇಲೆ ಬೀಳುತ್ತಿದ್ದವು. ಸಾಲದ್ದಕ್ಕೆ ದಿನಕ್ಕೊಂದು ಪುಟ್ಟ ಗುರಿ ಬೇರೆ. ಅದು ಮುಗಿದ ಕೂಡಲೇ ಮೆಟ್ಟಿಲ ತುದಿಯಿಂದ ವರದಿ ಬರುತ್ತಿತ್ತು. "ಮೇಡಂ, ತಲೆ ಬಾಚ್ಕೊಂಡೆ." "ಇರೋ ನಾಲ್ಕು ಕೂದಲಿಗೆ ಡಂಗುರ ಬೇರೆ ಹೊಡೀಬೇಕೇನಪ್ಪಾ?" "ನಾಳೆ ಉಗುರು ತೆಗೀತೀನಿ ಮೇಡಂ." "ಸದ್ಯ, ಊರು ಉದ್ಧಾರವಾಯ್ತು." ಕೆಂಪು ಕ್ಲಿಪ್ಪಿನ ದಿನ ಮಾತ್ರ ಅವನ ಬಾಗಿಲು ತೆರೆಯುತ್ತಿರಲಿಲ್ಲ, ವರದಿಯೂ ಇರುತ್ತಿರಲಿಲ್ಲ. ಹೀಗಿರುವಾಗ ಮೇಡಂ ಅವರ ತಂಗಿ ತೀರಿಹೋದಾಗ ಅವರು ಯಾರೆದುರೂ ಕಣ್ಣೊರೆಸಿಕೊಳ್ಳಲಿಲ್ಲ. ಮಾರನೆಯ ಬೆಳಗ್ಗೆ ಕಿಟಕಿ ತೆರೆಯಲಿಲ್ಲ, ಅಷ್ಟೆ. ಅಂದು ಮೇಲಿನ ಹಗ್ಗದಲ್ಲೂ ಕೆಂಪೇ ಇತ್ತು. ಆದರೂ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಅವನೇ, ಬಾಚದ ತಲೆ, ಒಳಮೈ ಹೊರಗಾದ ಅಂಗಿ. "ಇವತ್ತು ನಿಮ್ದು ಯಾವ ಬಣ್ಣ ಮೇಡಂ?" "ನನಗೇನು ಧಾಡಿ? ನಿನ್ನ ಇವತ್ತಿನ ಗುರಿ ಏನಿದೆಯೋ ಅದನ್ನ ನೋಡ್ಕೋ ಹೋಗು." "ಇದೇ ಮೇಡಂ. ಕೆಳಗಿಳಿದು ನಿಮ್ಮನ್ನ ಕೇಳೋದು," ಎಂದವನು ಜೇಬಿನಿಂದ ಇನ್ನೊಂದು ಕೆಂಪು ಕ್ಲಿಪ್ಪು ತೆಗೆದು ಬಾಗಿಲ ಪಕ್ಕದಲ್ಲಿದ್ದ ಅವರ ಬಟ್ಟೆ ಹಗ್ಗಕ್ಕೆ ಸಿಕ್ಕಿಸಿ, ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದ.