ಮುಚ್ಚಳ ತೆಗೆದ ಅತ್ತೆ

ಅತ್ತೆಯ ಮೇಲಿನ ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಅಮ್ಮ ತೀರಿಕೊಂಡ ಮೇಲೆ ತವರಿನಿಂದ ನಾನು ಕೇಳಿ ತಂದದ್ದು ಒಂದೇ ಒಂದು, ಅವಳ ಕೆಂದು ಕೋಳಿ. ಮಹಾ ಮುಂಗೋಪಿ. ಕಾವಿಗೆ ಕೂತಾಗ ಯಾರ ಕೈ ಹತ್ತಿರ ಹೋದರೂ ರಕ್ತ ಬರುವಂತೆ ಕುಕ್ಕುತ್ತಿತ್ತು. ಅದರಜ್ಜಿಯೂ ಹೀಗೇ ಇದ್ದಳು ಎಂದು ಅಮ್ಮ ಹೆಮ್ಮೆಪಡುತ್ತಿದ್ದಳು. ಜಕ್ಕೂರಿನ ನಮ್ಮ ಹಿತ್ತಲಿನಲ್ಲಿ, ಪಕ್ಕದ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒರಗಿದ ಗೂಡಿನಲ್ಲಿ ಅದು ಎದುರುಮನೆಯ ಹುಂಜವನ್ನು ಹಿಂದಿಟ್ಟುಕೊಂಡು ಒಂದು ವರ್ಷ ದರ್ಬಾರು ಮಾಡಿತು. ಶಿವರಾತ್ರಿ ಕಳೆದ ಮರುವಾರ ಅದನ್ನು ಬೀದಿನಾಯಿ ಹೊತ್ತೊಯ್ದಿತು. ಗೂಡಿನಲ್ಲಿ ಏಳು ಮೊಟ್ಟೆ ಉಳಿದಿದ್ದವು. ಅಮ್ಮನ ತಳಿಯಲ್ಲಿ ನನಗೆ ಉಳಿದದ್ದು ಅಷ್ಟೇ.

ಕಾವಿಗೆ ಕೂರುವ ಇನ್ನೊಂದು ಕೋಳಿ ಇಡೀ ಜಕ್ಕೂರಿನಲ್ಲಿ ಸಿಗಲಿಲ್ಲ. ಇನ್‌ಕ್ಯುಬೇಟರ್ ತಂದೆ. ಬಿಸಿಯನ್ನು ಯಂತ್ರವೇ ನೋಡಿಕೊಳ್ಳುತ್ತದೆ, ತೇವ ಮಾತ್ರ ನಮ್ಮ ಪಾಲಿನ ಕೆಲಸ. ಮೊದಲಲ್ಲಿ ಹೆಚ್ಚಾದರೆ ಮೊಟ್ಟೆಯೊಳಗಿನ ನೀರು ಆರದೆ ಮರಿಗೆ ಉಸಿರಾಡಲು ಜಾಗವಿರುವುದಿಲ್ಲ. ಕೊನೆಯಲ್ಲಿ ಕಡಿಮೆಯಾದರೆ ಚಿಪ್ಪಿನ ಒಳಪೊರೆ ಒಣಗಿ ಮರಿಯ ಮೈಗೇ ಅಂಟಿಕೊಳ್ಳುತ್ತದೆ. ಆ ತಿಂಗಳ ನಮ್ಮೂರಿನ ಗಾಳಿಯೋ, ತುಟಿಯನ್ನೇ ಒಡೆಯುವಂಥದ್ದು. ಹಾಗಾಗಿ ಮೊದಮೊದಲು ಯಂತ್ರದೊಳಗಿನ ತಟ್ಟೆಗೆ ಅಳೆದು ಅಳೆದು ನೀರು ಹಾಕಿದವಳು, ಮರಿ ಒಡೆಯುವ ಹೊತ್ತಿಗೆ ತಟ್ಟೆ ತುಂಬಿಸಿ, ಒದ್ದೆ ಸ್ಪಂಜ್ ಇಟ್ಟು ಮುಚ್ಚಳ ಹಾಕಿದೆ. ಮನೆ ಬಿದ್ದರೂ ಇದನ್ನು ತೆಗೆಯಬಾರದು ಎಂದು ಎಲ್ಲರಿಗೂ ಹೇಳಿದೆ. ಅತ್ತೆ ತಲೆಯಾಡಿಸಿದರು.

ಮರುದಿನ ಬೆಳಗ್ಗೆ ಚಿಪ್ಪುಗಳಲ್ಲಿ ಬಿರುಕು ಬಿಟ್ಟಿತ್ತು. ಒಳಗಿಂದ ಚಿಂವ್ ಚಿಂವ್ ಸದ್ದು. ಕುಣಿಯುತ್ತಲೇ ಕೆಲಸಕ್ಕೆ ಹೋದೆ.

ಸಂಜೆ ಬಂದಾಗ ಬೀದಿ ಬಾಗಿಲು ಹಾರುಹೊಡೆದಿತ್ತು. ಬೀರು ತೆರೆದಿತ್ತು. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ, ಉಪ್ಪಿನಕಾಯಿ ಜಾಡಿ, ರಾಗಿ ಡ್ರಮ್ಮು ಎಲ್ಲವೂ ಬಾಯಿ ಬಿಟ್ಟುಕೊಂಡಿದ್ದವು. ನೋಡಿದ ಕೂಡಲೇ ಅರ್ಥವಾಯಿತು. ನಾನು ಮಗಳನ್ನು ಹೆತ್ತ ದಿನವೂ ಅತ್ತೆ ಮನೆಯ ಮುಚ್ಚಳಗಳನ್ನೆಲ್ಲ ಹೀಗೇ ತೆಗೆದಿಟ್ಟಿದ್ದರು. ಹೆರುವವಳಿಗೆ ದಾರಿ ಸಲೀಸಾಗಲಿ ಎಂದು ಅವರ ಕಡೆ ಹಾಗೆ ಮಾಡುತ್ತಾರೆ. ಓಡಿದೆ. ಇನ್‌ಕ್ಯುಬೇಟರಿನ ಮುಚ್ಚಳ ಪಕ್ಕದಲ್ಲಿ ಮಲಗಿತ್ತು. ಸ್ಪಂಜ್ ಹಪ್ಪಳವಾಗಿತ್ತು. ಚಿಂವ್ ಎನ್ನುವ ಸದ್ದು ಒಂದೇ ಒಂದು ಮೊಟ್ಟೆಯಿಂದ, ಅದೂ ಸಣ್ಣಗೆ.

"ಎರಿಗೆ ನೋವು ತಿಂತಾ ಅವೆ ಕಣಮ್ಮ," ಎಂದರು ಅತ್ತೆ. "ಇಂಗೆ ಮುಚ್ಚಿಕ್ಕುದ್ರೆ ಎಂಗೆ ಈಚೆಗೆ ಬತ್ತವೆ?"

ಮೈಯೆಲ್ಲ ಉರಿದುಹೋಯಿತು. "ಆ ಡಬ್ಬೀನೇ ಅವುಗಳ ತಾಯಿ ಹೊಟ್ಟೆ ಅತ್ತೆ. ಅದನ್ನೇ ಬಗೆದಿಟ್ಟಿದ್ದೀರಲ್ಲ," ಎಂದೆ. ಮದುವೆಯಾದ ಹದಿನಾರು ವರ್ಷದಲ್ಲಿ ಅವರೆದುರು ನನ್ನ ದನಿ ಅಷ್ಟು ಏರಿದ್ದಿಲ್ಲ. ಗಂಡ ಬಂದವರು ಸಮಾಧಾನ ಹೇಳಿದರು: ಯಲಹಂಕ ಸಂತೆಯಲ್ಲಿ ನಾಟಿ ಮರಿ ಬೇಕಾದಷ್ಟು ಸಿಗುತ್ತವಂತೆ. ಅವರಿಗೂ ಆವತ್ತು ಚೆನ್ನಾಗಿಯೇ ಮಂಗಳಾರತಿಯಾಯಿತು. ನನ್ನಮ್ಮನನ್ನೂ ಸಂತೆಯಿಂದ ತರುತ್ತೀರಾ ಎಂದು ಕೇಳಿದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಮತ್ತೆ ನೀರು ತುಂಬಿ ಮುಚ್ಚಿದೆ. ಸದ್ದಿದ್ದ ಮೊಟ್ಟೆಯ ಒಣಗಿದ ಪೊರೆಯನ್ನು ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸುತ್ತಾ, ಅತ್ತೆಯನ್ನು ಬೈಯುತ್ತಾ, ಚೂರುಚೂರೇ ಬಿಡಿಸಿದೆ. ಅದೊಂದು ಬದುಕಿತು. ಉಳಿದ ಆರನ್ನು ನುಗ್ಗೆಮರದ ಬುಡದಲ್ಲಿ ಹೂತೆ.

ಸಾಲದ್ದಕ್ಕೆ ಎದುರುಮನೆಯವರಿಗೆ ಅತ್ತೆ ಹೇಳಿಕೊಂಡು ತಿರುಗಿದರು, ತಾವು ಮುಚ್ಚಳ ತೆಗೆದದ್ದಕ್ಕೇ ಇದಾದರೂ ಹುಟ್ಟಿತು ಎಂದು. ಎಷ್ಟೋ ದಿನ ಅವರೊಂದಿಗೆ ಹೂಂ, ಉಹೂಂ ಬಿಟ್ಟು ಮಾತಾಡಲಿಲ್ಲ.

ಮರಿ ಬೆಳೆದು ಮೊಟ್ಟೆಯಿಡುವ ಹೇಟೆಯಾಯಿತು. ಮೊನ್ನೆ ಮೊದಲ ಸಲ ಕಾವಿಗೆ ಕೂತಿದೆ. ಅತ್ತೆಗೆ ತಡೆಯಲಾದೀತೇ? ಎಷ್ಟಿವೆ ನೋಡೋಣ ಎಂದು ಹೊಟ್ಟೆಯಡಿ ಕೈಹಾಕಿದರು. ಕೋಳಿಗೆ ಮುಚ್ಚಳವಿಲ್ಲ, ಕೊಕ್ಕಿದೆ. ಅತ್ತೆ ರಕ್ತ ಸುರಿಯುವ ಬೆರಳು ಹಿಡಿದು ಒಳಗೆ ಬಂದರು.

"ನಿಮ್ಮಮ್ಮುನ್ ಕೋಳೀನೇ ಕಣೇ," ಎಂದರು. "ಅದೇ ಕ್ವಾಪ."

ಆ ಮಾತು ಕೋಳಿಗೋ ನನಗೋ ಎಂದು ಕೇಳಲು ಹೋಗಲಿಲ್ಲ. ಅರಿಶಿನ ತಂದು ಅವರ ಬೆರಳಿಗೆ ಮೆತ್ತಿದೆ, ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಒತ್ತಿ.